ಯಜಮಾನರ ಪಾಸ್‌ವರ್ಡ್

ಹೊಸಬಾಳೆಯ ಚಿದಂಬರ ಕಂಪ್ಯೂಟರಿನ ಹೋಸ್ಟ್ಸ್ ಫೈಲಿಗೆ ಆ ಪದಬಂಧದ ಸೈಟಿನ ಹೆಸರು ಸೇರಿಸಿ ಸೇವ್ ಒತ್ತಿದ. ಈ ಒಂದು ಸಾಲು ಕೂತರೆ ಆ ಸೈಟು ಇನ್ನು ಈ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಹೆಂಡತಿ ವಿನೋದಾ ಅಲ್ಲಿ ಬಿಡಿಸಿದ ಪದಬಂಧಕ್ಕೆಲ್ಲ ಶಿರಾಳಕೊಪ್ಪದ ರಾಜಕುಮಾರ್ ಎಂಬಾತ ಶಭಾಸ್ ಬರೆಯುತ್ತಿದ್ದ. ಮೊದಮೊದಲು ‘ವಿನೋದಾ ಅವರೇ’ ಎನ್ನುತ್ತಿದ್ದವನು ಈ ವಾರದಿಂದ ಬರೀ ‘ವಿನೋದಾ’ ಎನ್ನತೊಡಗಿದ್ದ.

ಫೈಲು ಸೇವ್ ಆಗಲಿಲ್ಲ. ಅಡ್ಮಿನಿಸ್ಟ್ರೇಟರ್, ಎಂದರೆ ಕಂಪ್ಯೂಟರಿನ ಯಜಮಾನರ, ಪಾಸ್‌ವರ್ಡ್ ಬೇಕೆಂದು ಒಂದು ಚೌಕ ಬಂತು. ಅದರಲ್ಲಿ ವಿನೋದಾಳ ಹೆಸರಿತ್ತು.

“ಇಲ್ಲೊಂಚೂರು ಬಾರೇ, ಇದು ಯಜಮಾನ್ರ ಪಾಸ್‌ವರ್ಡ್ ಕೇಳ್ತಾ ಇದೆ.”

“ಯಜಮಾನ್ರು ನೀವೇ ಅಲ್ವೇನ್ರೀ,” ಎಂದು ನಗುತ್ತ ಅವಳು ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. ಚೌಕದ ಹಿಂದೆ ಪದಬಂಧದ ಸೈಟಿನ ಹೆಸರಿದ್ದ ಸಾಲನ್ನು ನಿಧಾನವಾಗಿ ಓದಿದಳು. ನಗು ಹೋಯಿತು.

“ಕೈಯೆಲ್ಲ ಹಿಟ್ಟು. ನಾನು ಹೇಳ್ತೀನಿ, ನೀವೇ ಒತ್ತಿ. ಸಿ. ಎಚ್. ಐ. ಡಿ.”

ಪರದೆಯ ಮೇಲೆ ನಾಲ್ಕು ಕಪ್ಪು ಚುಕ್ಕಿ ಮೂಡಿದವು. ಚಿದಂಬರನ ಕೈ ನಿಂತಿತು.

“ಮುಂದಿಂದು ನಿಮಗೇ ಗೊತ್ತಲ್ಲ,” ಎಂದು ಅವಳು ಒಲೆಯ ಕಡೆ ಹೋದಳು.

ತನ್ನದೇ ಹೆಸರಿನ ಉಳಿದ ಅಕ್ಷರಗಳನ್ನು ಒತ್ತಲು ಅವನ ಬೆರಳು ಏಳಲಿಲ್ಲ.