ಬಿಳಿ ಅಂಗಿಯ ಮೇಲಿನ ಕಲೆ

ಆ ಮಧ್ಯಾಹ್ನ ನಾನು ಬಾಯಿ ಬಿಡಲಿಲ್ಲ. ಈಗಲೂ ಚಾಮರಾಜಪೇಟೆಯ ತಳ್ಳುಗಾಡಿಯಿಂದ ಕಪ್ಪು ದ್ರಾಕ್ಷಿಯ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನಕ್ಕೆಂದು ಅಮ್ಮ ದ್ರಾಕ್ಷಾರಸ ಮಾಡಿ ಜಾಡಿಗೆ ಬಟ್ಟೆ ಕಟ್ಟಿಟ್ಟಿದ್ದಳು. ನಾನು ಕದ್ದು ಕುಡಿದೆ. ಯಾರೋ ಬಂದ ಸದ್ದಾಗಿ, ಕೈಗೆ ಸಿಕ್ಕ ಬಟ್ಟೆಗೆ ಬಾಯಿ ಒರೆಸಿಕೊಂಡೆ. ಅದು ಪ್ರಭು ಭೋಜನಕ್ಕೆ ಮೊದಲ ಸಲ ಸೇರಿಸಿಕೊಳ್ಳುವ ಮರುದಿನದ ದೃಢೀಕರಣಕ್ಕೆ ಹೊಲಿಸಿದ್ದ ತಮ್ಮನ ಬಿಳಿ ಅಂಗಿ.

ಮನೆಗೆ ಬಂದಿದ್ದ ಚರ್ಚಿನ ಅಯ್ಯನವರು ಕಲೆ ನೋಡಿ, ತಮ್ಮನೇ ಕದ್ದು ಕುಡಿದನೆಂದುಕೊಂಡು, “ಇವನಿಗಿನ್ನೂ ಬುದ್ಧಿ ಬಲಿತಿಲ್ಲ. ಮುಂದಿನ ವರ್ಷ ನೋಡೋಣ ಬಿಡಮ್ಮ,” ಎಂದರು.

“ಅಕ್ಕಾ, ನಾನಲ್ಲ ಅಂತ ನೀನಾದ್ರೂ ಹೇಳೇ,” ಎಂದ ತಮ್ಮ.

ನಾನು ಜಾಡಿಯ ಬಟ್ಟೆಯನ್ನು ಮತ್ತೆ ಬಿಗಿಯಾಗಿ ಕಟ್ಟಿದೆ.

ಮುಂದಿನ ವರ್ಷ ಅವನು ದೃಢೀಕರಣಕ್ಕೆ ಒಪ್ಪಲೇ ಇಲ್ಲ. ಇಂದಿಗೂ ಎಲ್ಲರೂ ಪ್ರಭು ಭೋಜನಕ್ಕೆ ಎದ್ದಾಗ ಬೆಂಚಿನಲ್ಲೇ ಕೂರುತ್ತಾನೆ. ಕಳೆದ ಭಾನುವಾರ ಅವನನ್ನು ದಾಟಿ ಹೋಗಲು ನನಗೆ ಕಾಲು ಬರಲಿಲ್ಲ. ಪಕ್ಕದಲ್ಲೇ ಕೂತೆ.

“ಕುಡಿದಿದ್ದು ನಾನು ಕಣೋ. ತಪ್ಪಾಯ್ತು.”