ಗಾಲಿಗಿಟ್ಟ ಕಲ್ಲು

ಚೈತ್ರದ ಎಳೆಬಿಸಿಲು ಸನತ್‌ನಗರದ ಗ್ಯಾರೇಜಿನ ಇಳಿಜಾರಿಗೆ ಬಿದ್ದಿತ್ತು. ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯವರು ಕಾಫಿ ಗಾಡಿಗೆಂದು ಹೊಸದು ಮಾಡಿಸುತ್ತಿದ್ದ ಹಳೇ ಬ್ರೆಡ್ ವ್ಯಾನಿನಡಿ, ಹಿಂದಿನ ಗಾಲಿಯ ಮುಂದೆ ತಲೆಯಿಟ್ಟು, ಬೂದೆಪ್ಪ ಬ್ರೇಕ್ ಪೈಪು ಜೋಡಿಸುತ್ತಿದ್ದ. ಕಿವಿಯ ಹತ್ತಿರ ಹೆಂಡತಿಯ ಬಳೆ ಸದ್ದಾಯಿತು.

“ಏನ್ ಮಾಡಾಕತ್ತೀ, ಹಂಪಮ್ಮಾ?”

“ಗಾಲಿಗೆ ನಿಂಬಿಹಣ್ಣು ಇಟ್ಟೀನ್ರಿ. ಮಾರಿ ತೊಳ್ಕೊಂಡು ಪೂಜಿಗೆ ಬರ್ರಿ. ಹಿಂಗ ಬಂದ್ರ ದೇವರೂ ಅಂಜತಾನ.”

“ಅಲ್ಲಿದ್ದ ಕಲ್ಲು?”

“ಅಡ್ಡ ಆಗಿತ್ತು, ತಗದೀನಿ.”

ಬೂದೆಪ್ಪ ಗಾಲಿಯ ಕಡೆ ಕತ್ತು ಹೊರಳಿಸಿದ. ಹಣ್ಣು ಪಚಕ್ಕೆಂದು ಒಡೆದು ರಸ ಕೆನ್ನೆಗೆ ಸಿಡಿಯಿತು. ಗಾಲಿ ಅವನ ಕಡೆಗೇ ಉರುಳುತ್ತಿತ್ತು. “ಕಲ್ಲು! ಹಂಪೀ, ಕಲ್ಲು!” ಅವಳು ಎರಡೂ ಕೈಯಿಂದ ಕಲ್ಲು ತುರುಕಿದಳು. ಗಾಲಿ ಅದಕ್ಕೆ ತಡೆದು ನಿಂತಾಗ ಅವನ ಕಿವಿಗೆ ತಾಕಿತ್ತು.

ಶುಕ್ರವಾರ ವ್ಯಾನ್ ನಿಂಬೆಹಣ್ಣಿಲ್ಲದೆಯೇ ಹೊರಟುಹೋಯಿತು. ಅದು ತಿರುವು ದಾಟಿದ ಮೇಲೂ ಹಂಪಮ್ಮ ಕೈಯಲ್ಲಿದ್ದ ಕಲ್ಲನ್ನು ಕೆಳಗಿಡಲಿಲ್ಲ.