ಬಾರಾಮಾಸಿ ಟೈರು

ಟೈರಿನ ಪಕ್ಕೆಯ ಮೇಲೆ ಮೂರು ಮೊನೆಯ ಗುಡ್ಡ, ಗುಡ್ಡದೊಳಗೊಂದು ಹಿಮದ ಹರಳು ಅಚ್ಚಾಗಿತ್ತು. ನಾಗಸೇನ ಕನ್ನಡಕ ಏರಿಸಿ ಅದನ್ನು ನೋಡಿದ, ಆಮೇಲೆ ಟೈರು ಅಂಗಡಿಯ ಕುತುಬೋದ್ದೀನನ ಮುಖ ನೋಡಿದ. ಬೀದರಿನಲ್ಲಿ ಹಿಮ ಬಿದ್ದದ್ದು ಯಾವ ವರ್ಷ, ತನಗೆ ಮಾತ್ರ ಯಾರೂ ಹೇಳಲೇ ಇಲ್ಲವಲ್ಲ ಎಂದು ಕೇಳಿದ. ಕುತುಬೋದ್ದೀನ ಹೊಟ್ಟೆ ಕುಣಿಸಿ ನಕ್ಕ.

"ಇದು ಆಲ್ ಸೀಸನ್ ಟೈರ್ ಅದರಿ ಉಸ್ತಾದ. ಮಳಿ, ಥಂಡಿ, ಬ್ಯಾಸಗಿ ಎಲ್ಲಾಕೂ ನಡೀತದ. ನಮ್ಮ ಮಾತಿನಾಗ ಬಾರಾಮಾಸಿ ಅನ್ರಿ."

"ಬಾರಾಮಾಸಿ ಅಂದ್ರ ನಿಂಬಿಗಿಡ ಇರ್ತದ. ವರ್ಷಾಪೂರ್ತಿ ಕಾಯಿ ಬಿಡ್ತದ, ಒಂದರಾಗೂ ರಸ ಇರಂಗಿಲ್ಲ," ಎಂದು ನಾಗಸೇನ ಆ ಟೈರನ್ನು ಕಾಲಿನಿಂದ ಅತ್ತ ಸರಿಸಿದ.

ಭಾಲ್ಕಿ, ಔರಾದ ಎರಡೂ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ ಅವನು. ಬೇರೆಯವರು ಸ್ಟಿಯರಿಂಗ್ ಹಿಡಿದರೆ ಅವನಿಗೆ ಮೈಯೆಲ್ಲ ಮುಳ್ಳು. ಈಗ ಅಂಗಡಿಯ ಮುಂದೆ ನಿಂತಿದ್ದ ಕಾರು ಮಗಳು ಮಹಾಮಾಯಾಳದು. ಕರೆಂಟಿನ ಕಾರು, ಸದ್ದಿಲ್ಲ, ಕಾಲಿಟ್ಟರೆ ಕವಣೆಕಲ್ಲಿನಂತೆ ಹಾರುತ್ತದೆ. ಔರಾದಿನಲ್ಲಿ ಹೆರಿಗೆ ಡಾಕ್ಟರಾಗಿದ್ದ ಅವಳು ಕಳೆದ ದೀಪಾವಳಿಯಿಂದ ದಿನಾ ಬೀದರಿನಿಂದ ಅದರಲ್ಲೇ ಹೋಗಿ ಬರುತ್ತಿದ್ದಳು. ಬ್ಯಾಟರಿಯ ಭಾರ, ಮೋಟಾರಿನ ಎಳೆತ ಎರಡೂ ಸೇರಿ ಹಳೆಯ ಟೈರುಗಳನ್ನು ಬೋಳು ಮಾಡಿಟ್ಟಿದ್ದವು. ಮಿರ್ಗದ, ಅಂದರೆ ಮೃಗಶಿರೆಯ, ಮಳೆ ಬಾಗಿಲಲ್ಲಿತ್ತು. ಹೊಸ ಟೈರು ಹಾಕಿಸಬೇಕು, ತಾನು ಪಕ್ಕದಲ್ಲಿ ಕೂತು ಪಾಸು ಮಾಡಬೇಕು, ಅಲ್ಲಿಯವರೆಗೆ ಡಾಕ್ಟರಿಣಿಯಾದರೂ ಸರಿ, ಬಸ್ಸಿಗೇ ಹೋಗತಕ್ಕದ್ದು ಎಂದು ನಾಗಸೇನ ಮನೆಯಲ್ಲಿ ಹುಕುಂ ಹೊರಡಿಸಿದ್ದ. ಮಗಳು ಒಪ್ಪಿದ್ದಳು.

ಕುತುಬೋದ್ದೀನ ಇನ್ನೂ ಒಂದಿಷ್ಟು ಟೈರು ಉರುಳಿಸಿಕೊಂಡು ಬಂದ. ಒಂದು ಒಣ ರಸ್ತೆಯಲ್ಲಿ ಜಿಗಣೆಯಂತೆ ಕಚ್ಚುವಂಥದ್ದು, ಇನ್ನೊಂದು ಹಗುರಾಗಿ ಉರುಳಿ ಚಾರ್ಜ್ ಉಳಿಸುವಂಥದ್ದು. ನಾಗಸೇನನ ಕಣ್ಣು ಬಿದ್ದದ್ದು ಮಾತ್ರ ಮೂಲೆಯಲ್ಲಿದ್ದ ಜೀಪಿನ ಟೈರಿನ ಮೇಲೆ. ಇಷ್ಟಿಷ್ಟು ದಪ್ಪ ರಬ್ಬರ್ ಗಟ್ಟಿಗಳಿದ್ದರೆ ಕೆಸರು ಏನು ಮಾಡೀತು ಎಂಬುದು ಅವನ ಲೆಕ್ಕ. ಅಪ್ಪನ ಜೊತೆ ಬಂದಿದ್ದ ಮಹಾಮಾಯಾ ಬಗ್ಗಿ ಹಿಮದ ಗುರುತಿನ ಟೈರಿನ ಮೇಲೆ ಅಂಗೈ ಆಡಿಸಿದಳು. ಜೀಪಿನ ಟೈರು ಹೊಲದ ಕೆಸರಿಗೆ ಸರಿ, ಒದ್ದೆ ಡಾಂಬರಿನ ಮೇಲೆ ಜಾರುತ್ತದೆ, ಇದರ ಸಣ್ಣ ಸಣ್ಣ ಸೀಳುಗಳು ನೀರು ಒರೆಸಿ ರಸ್ತೆ ಹಿಡಿಯುತ್ತವೆ ಎಂದಳು. ಒಂದು ಚಾರ್ಜಿಗೆ ಕಾರಿನ ಓಟ ಒಂಚೂರು ಕಡಿಮೆಯಾದೀತು, ಬೇಸಿಗೆಯಲ್ಲಿ ಬೇಗ ಸವೆದೀತು, ಆಗಲಿ ಬಿಡಿ ಎಂದಳು.

"ಬ್ಯಾನಿ ಬಂದಾಕಿ ಮಳಿ ನಿಂತ ಮ್ಯಾಲ ಬರ್ತೇನಿ ಅನ್ನಂಗಿಲ್ಲ ಅಪ್ಪಾ. ನಂದೂ ಬಾರಾಮಾಸಿ ನೌಕರೀನೇ ಅದ."

ನಾಗಸೇನ ಸುಮ್ಮನಿರಲಾರದೆ, ಇಷ್ಟು ಭಾರದ ಕಾರನ್ನು ಈ ಟೈರು ತಡೆಯುತ್ತದೋ ಇಲ್ಲವೋ ನೋಡಿಕೋ ಎಂದು ಕುತುಬೋದ್ದೀನನಿಗೆ ಗದರಿದ. ಟೈರಿನ ಪಕ್ಕೆಯ ಮೇಲಿನ ಭಾರದ ಅಂಕಿಯನ್ನು ಮಗಳು ಮೊದಲೇ ಓದಿ ನೋಡಿಯಾಗಿತ್ತು. ಕಾರಿಗೆ ಬಾರಾಮಾಸಿ ಟೈರೇ ಏರಿತು.

ಮರುದಿನವೇ ಮಿರ್ಗ ಹಿಡಿಯಿತು. ನಾಗಸೇನ ಪರೀಕ್ಷೆ ಮಾಡುವವನ ಗತ್ತಿನಲ್ಲಿ ಮಗಳ ಪಕ್ಕ ಕೂತ. ಬೀದರ ದಿಬ್ಬದ ಕೆಂಪು ನೆಲ ಇಳಿಯುವವರೆಗೆ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಜನವಾಡದ ಆಚೆ ಎರೆ ನೆಲ ಶುರುವಾಗುತ್ತದೆ. ಬಿತ್ತನೆಯ ಟ್ರ್ಯಾಕ್ಟರುಗಳು ಹೊಲದಿಂದ ಹತ್ತುವಾಗ ಗಾಲಿಗೆ ಮೆತ್ತಿದ ಕರಿ ಮಣ್ಣನ್ನು ಡಾಂಬರಿನ ಮೇಲೆ ಉದುರಿಸುತ್ತವೆ, ನಾಲ್ಕು ಹನಿ ಬಿದ್ದರೆ ಸಾಕು, ರಸ್ತೆಗೆ ಬೆಣ್ಣೆ ಸವರಿದಂತೆ ಆಗುತ್ತದೆ. ಅಲ್ಲಿ ಬೋರ್ಡಿಲ್ಲ, ಕಂಬವಿಲ್ಲ. ಬಸ್ಸಿನವರು ಅದನ್ನು ತಮ್ಮತಮ್ಮಲ್ಲೇ ಕರಿ ಹೊಸ್ತಿಲು ಎನ್ನುತ್ತಿದ್ದರು. ಮಳೆಯಲ್ಲಿ ಮಗಳು ಈ ದಾರಿಯಲ್ಲಿ ಕಾರು ಓಡಿಸುವುದು ಇದೇ ಮೊದಲು, ಅವಳಿಗೆ ಹೇಳಬಾರದು, ಏನು ಮಾಡುತ್ತಾಳೋ ನೋಡೋಣ ಎಂದು ನಾಗಸೇನ ಎದೆ ಗಟ್ಟಿ ಮಾಡಿಕೊಂಡು ಕೂತ.

ಹೊಸ್ತಿಲಿಗೆ ಇನ್ನೂ ಒಂದು ತಿರುವು ಇರುವಾಗಲೇ ಕಾರು ನಿಧಾನವಾಯಿತು. ಕಾಲೆತ್ತಿದರೇ ಸಾಕು, ಈ ಕಾರು ತಾನಾಗಿ ಬ್ರೇಕು ಹಿಡಿಯುತ್ತದೆ, ಜಾರುವ ಕಡೆ ಅದು ಬೇಡ ಎನ್ನುತ್ತಾ ಮಹಾಮಾಯಾ ಪರದೆಯ ಮೇಲೆ ಏನೋ ಒತ್ತಿ ಆ ಹಿಡಿತ ಸಡಿಲಿಸಿದಳು. ತಿರುವು ಕಳೆದದ್ದೇ ತಡ, ಹೊಲದಿಂದ ಟ್ರ್ಯಾಕ್ಟರೊಂದು ಧಡಕ್ಕನೆ ರಸ್ತೆಗೆ ಹತ್ತಿತು. ಹಿಂದಿನ ಟ್ರಾಲಿಯಲ್ಲಿ ಹೆಂಗಸರಿದ್ದರು. ನಾಗಸೇನನ ಬಲಗಾಲು ತನಗೆ ತಾನೇ ಮ್ಯಾಟನ್ನು ತುಳಿಯಿತು. ಅವಳು ಬ್ರೇಕನ್ನು ಮೆತ್ತಗೆ ಮುಟ್ಟಿದಳು. ಕಾರಿನ ಹಿಂಬದಿ ಒಂದಿಷ್ಟು ಜಾರಿತು, ಅವಳ ಕೈ ಅಷ್ಟೇ ಹೊರಳಿ ಅದನ್ನು ಹಾದಿಗೆ ತಂದಿತು. ಟ್ರಾಲಿಯ ಹೆಂಗಸರು ನಗುತ್ತಲೇ ದಾಟಿ ಹೋದರು, ಅವರಿಗೆ ಏನೂ ಗೊತ್ತಾಗಲಿಲ್ಲ.

"ಈ ಜಾಗಾ ನಿನಗ ಯಾರ ಹೇಳ್ಯಾರ?"

"ಔರಾದ ಸಾಲಿಗೆ ನಿಮ್ಮ ಬಸ್ಸಿನಾಗೇ ಹೋಗ್ತಿದ್ದೆ ಅಲ್ರಿ ಅಪ್ಪಾ. ಬೀದರ ಬಿಟ್ಟಾಗಿಂದ ಬಡಬಡ ಮಾತಾಡಾವ್ರು ಈ ತಿರುವಿಗೆ ಬಂದ ಕೂಡ್ಲೇ ಬಾಯಿ ಮುಚ್ಚತಿದ್ರಿ. ಈಗೂ ಮುಚ್ಚಿದ್ರಿ."

ನಾಗಸೇನನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಕಿಟಕಿಯ ಕಡೆ ಮುಖ ತಿರುಗಿಸಿ, ಶಹಬ್ಬಾಸ್ ಮಗಳೇ ಎಂದು ಮನಸಿನಲ್ಲೇ ಅಂದುಕೊಂಡ.

ಮಾಂಜ್ರಾ ಸೇತುವೆಯ ಹತ್ತಿರ ಕುತುಬೋದ್ದೀನನ ಫೋನು ಬಂತು. ಟೈರು ಹ್ಯಾಂಗ ಹಿಡೀತಾವ, ಪಾಸೋ ಫೇಲೋ ಎಂದು ಕೇಳಿದ.

"ಟೈರ್ ನೋಡೋದೇ ಮರತೆನಪಾ," ಎಂದ ನಾಗಸೇನ. "ಡ್ರೈವರ್‌ಗ ನೋಡ್ಕೋತ ಕುಂತಿದ್ದೆ."